ಬಗ್ಗುವ ರೈಲು

ಮನೆಯಿಂದ,
ಗುರುವಾರ, ಆರನೇ ತಾರೀಖು

ಪ್ರೀತಿಯ ತಮ್ಮಾ,

ನಿನ್ನ ಸೊಂಟನೋವು ಹೇಗಿದೆ? ಜೀಪಿನಲ್ಲಿ ಕುಳಿತು ಊರೂರು ಅಲೆಯುವವನು ಮಲಗುವ ಮುಂಚೆ ಬಿಸಿನೀರಿನ ಶಾಖವನ್ನಾದರೂ ಕೊಟ್ಟುಕೋ. ನಾನು ಚೆನ್ನಾಗಿದ್ದೇನೆ ಎಂದು ಬರೆಯಲು ಕೈ ಬರುತ್ತಿಲ್ಲ. ಮೈಯೆಲ್ಲ ಉರಿಯುತ್ತಿದೆ, ಕಾರಣ ನೀನೇ.

ನಿನ್ನೆ ನಿನ್ನ ರೈಲುಹಳಿ ಸರ್ವೆಯವರು ಬಂದು ನಮ್ಮ ಹಿತ್ತಲಲ್ಲಿ ಕೆಂಪು ಬಣ್ಣದ ಗೂಟಗಳನ್ನು ಜಡಿದು ಹೋದರು. ಒಂದು ಗೂಟ ನಾನು ಮಡಕೆ ಸುಡುವ ಆವಿಗೆಯ ಬಾಯಿಗೇ ನಿಂತಿದೆ. ಯಾರನ್ನು ಕೇಳಿ ಹೊಡೆದಿರಿ ಎಂದೆ. "ಅದು ನಮ್ಮಕ್ಕನ ಜಾಗ, ಕೇಳೋದೇನೂ ಬೇಡ ಅಂತ ಸಾಹೇಬ್ರೇ ಹೇಳಿದಾರೆ" ಎಂದು ನಿನ್ನ ಸಹಾಯಕ ಹಲ್ಲು ಬಿಟ್ಟ.

ಕೇಳೋದೇನೂ ಬೇಡವೇ? ಈ ರೈಲು ಬೇಕೇ ಬೇಕೆಂದು ಪಂಚಾಯಿತಿ ಸಭೆಯಲ್ಲಿ ಎದ್ದು ನಿಂತವಳು ನಾನು. ಊರವರು ಆಟದ ರೈಲೆಂದು ನಕ್ಕಾಗ ನಿನ್ನ ಮಾತನ್ನೇ ಗಿಳಿಯಂತೆ ಒಪ್ಪಿಸಿದೆ: ಅಗಲ ಕಿರಿದು, ಹಳಿ ಹಗುರ, ಗುಡ್ಡ ಕಡಿಯಬೇಕಿಲ್ಲ, ಅಡ್ಡ ಬಂದದ್ದನ್ನೆಲ್ಲ ಬಳಸಿಕೊಂಡು ಬಗ್ಗಿ ಬಗ್ಗಿ ರಸ್ತೆಯಂಚಿನಲ್ಲೇ ಹೋಗುತ್ತದೆ, ಅದಕ್ಕೇ ಖರ್ಚು ಕಡಿಮೆ. ಲಾರಿಯ ಕುಲುಕಾಟಕ್ಕೆ ಮಡಕೆ ಒಡೆಯುವುದು ತಪ್ಪುತ್ತದೆಂಬ ಆಸೆ ನನಗೂ ಇತ್ತು. ಈಗ ನೋಡಿದರೆ ಮರದ ಮಿಲ್ಲಿನವನ ಗೋದಾಮು ಕಂಡು ನಿನ್ನ ರೈಲು ಬಗ್ಗಿದೆ, ಅಧ್ಯಕ್ಷರ ನಾಯಿಗೂಡಿಗೂ ಸೊಂಟ ಮುರಿದುಕೊಂಡು ಬಗ್ಗಿದೆ. ನನ್ನ ಆವಿಗೆ ಕಂಡೊಡನೆ ಮಾತ್ರ ಕೋಲಿನಂತೆ ನೆಟ್ಟಗಾಗಿದೆ! ಅವರೆಲ್ಲ ಜಗಳಕ್ಕೆ ಬರುತ್ತಾರೆ, ಅಕ್ಕ ಬರುವುದಿಲ್ಲ, ಅಷ್ಟೇ ತಾನೇ ನಿನ್ನ ಲೆಕ್ಕಾಚಾರ? ಆವಿಗೆ ಹೋದ ಮೇಲೆ ಆ ರೈಲಿಗೆ ಏನನ್ನು ಹೇರಲಿ, ನನ್ನ ತಲೆಯನ್ನೇ?

ವಾರವಿಡೀ ಇಲ್ಲೇ ಪ್ರವಾಸಿ ಮಂದಿರದಲ್ಲಿದ್ದೆಯಂತೆ. ಎರಡು ಬೀದಿ ದಾಟಿ ಬಂದು "ಅಕ್ಕಾ, ಜಾಗ ಕೊಡ್ತೀಯಾ?" ಎಂದಿದ್ದರೆ ಬಾಯಿತುಂಬ ಬೈದು, ಆಮೇಲೆ ಕೊಟ್ಟೇಬಿಡುತ್ತಿದ್ದೆನೋ ಏನೋ. ಅಮ್ಮ ಹೋದ ಮೇಲೆ ನಿನಗೆ ಅನ್ನ ಕಲಸಿ ತುತ್ತಿಟ್ಟವಳು ನಾನು. ಅದು ನೆನಪಾದಷ್ಟೂ ಸಿಟ್ಟು ನೆತ್ತಿಗೇರುತ್ತದೆ.

ಬಿಸಿಲಲ್ಲಿ ತಲೆಗೆ ಬಟ್ಟೆ ಕಟ್ಟಿಕೋ. ದೇವರು ನಿನಗೆ ಆಯುಸ್ಸು ಕೊಡಲಿ, ಜೊತೆಗೆ ಚೂರು ಬುದ್ಧಿಯನ್ನೂ.

ಇಂತಿ,
ಕೇಳಬೇಕಿಲ್ಲದ ನಿನ್ನ ಅಕ್ಕ

ಹೇಳಲು ಮರೆತೆ: ಬೆಳಿಗ್ಗೆ ಗೂಟಗಳನ್ನೆಲ್ಲ ನಾನೇ ಕಿತ್ತು ಸರಿಸಿ ನೆಟ್ಟಿದ್ದೇನೆ. ಬಗ್ಗುವ ರೈಲಲ್ಲವೇ, ಈಗ ನಿನ್ನ ಕೋಣೆಯ ಮೇಲೆ ಹೋಗುತ್ತದೆ. ಯಾವತ್ತಾದರೂ ಬಂದೀಯೆಂದು ದಿನಾ ಗುಡಿಸಿ, ಹಾಸಿಗೆ ಹಾಸಿಯೇ ಇಟ್ಟಿದ್ದ ಕೋಣೆ. ನಮ್ಮ ತಮ್ಮನದೇ ಜಾಗ, ಕೇಳೋದೇನೂ ಬೇಡ. ಅಡ್ಡಿಯಿದ್ದರೆ ಬಂದು ಹೇಳು.