ಸೊಪ್ಪಿನ ಪಾತಿ

೧೪ ಮಾರ್ಚ್, ಗುರುವಾರ

ಮಗಳ ರಕ್ತದಲ್ಲಿ ಸೀಸ ಸೇರಿದೆಯಂತೆ. ನಮ್ಮ ಹಿತ್ತಿಲ ಮಣ್ಣಿನಲ್ಲೂ ಇದೆಯಂತೆ. ಹಳೆಯ ಬ್ಯಾಟರಿ ಒಡೆದು ಸೀಸ ತೆಗೆಯುವ ನಮ್ಮವರ ಬಟ್ಟೆ ಒಗೆದ ನೀರನ್ನು ಆರು ವರ್ಷ ಸೊಪ್ಪಿನ ಪಾತಿಗೆ ಸುರಿದವಳು ನಾನೇ. ನೀರು ದಂಡವಾಗಬಾರದೆಂಬ ಜಾಣತನ. ಹೋದ ವರ್ಷ ಮಗುವಿಗೆ ರಕ್ತ ಕಡಿಮೆ ಎಂದಾಗ ಅದೇ ಸೊಪ್ಪನ್ನು ಎರಡು ಹೊತ್ತೂ ಬಾಯಿಗೆ ತುರುಕಿದೆ. ಸೀಸ ಮಕ್ಕಳ ನೆನಪನ್ನೂ ಕುಂದಿಸುತ್ತದಂತೆ; ಮಗ್ಗಿ ಮರೆತಾಗೆಲ್ಲ ಹೊಡೆದದ್ದೂ ನಾನೇ.

"ಇನ್ನು ಹೆಚ್ಚಾಗದ ಹಾಗೆ ನೋಡ್ಕೋಬಹುದು. ಆಗಿರೋದು ಪೂರ್ತಿ ಸರಿಹೋಗುತ್ತೆ ಅಂತ ಹೇಳಕ್ಕಾಗಲ್ಲಮ್ಮ," ಅಂದರು ಡಾಕ್ಟರು. ನಮ್ಮವರು ತಮ್ಮ ಅಂಗೈಯನ್ನೇ ನೋಡುತ್ತ ಕೂತಿದ್ದರು.

ಸಂಜೆ ಪಾತಿಯ ಸೊಪ್ಪನ್ನೆಲ್ಲ ಕಿತ್ತು ಹಾಕಿದೆ. ಮಗಳು ಬಾಗಿಲಲ್ಲಿ ನಿಂತು ನೋಡುತ್ತಿದ್ದವಳು ಮೆಲ್ಲಗೆ ಹೇಳಿದಳು:

"ಕೀಳ್ಬೇಡಮ್ಮ. ಇನ್ಮೇಲೆ ಹಠ ಮಾಡ್ದೆ ತಿಂತೀನಿ."