ಗುಂಡ್ಯಾನ ಸ್ವಚ್ಛ ಪಾದಗಳು

ಬೆಟಗೇರಿ, 12 ಆಗಸ್ಟ್ 2025, ಮಂಗಳವಾರ

ನಾನು ಶಾಂಭವಿ ವೀರಪ್ಪ ಮೂಲಿಮನಿ, ಮೂವತ್ನಾಲ್ಕು ವರ್ಷ ಶಿಕ್ಷಕಿಯಾಗಿದ್ದವಳು. ಪ್ರಾರ್ಥನೆಯ ಸಾಲಿನಲ್ಲಿ ಸಾವಿರಾರು ಮಕ್ಕಳ ಉಗುರು ಪರೀಕ್ಷಿಸಿದ ನನ್ನ ಕಣ್ಣಿಗೆ ಮಣ್ಣೆರಚುವುದು ಸುಲಭವಲ್ಲ.

ಮೊಣಕಾಲಿನ ಶಸ್ತ್ರಚಿಕಿತ್ಸೆಯಾದಾಗಿನಿಂದ ನನ್ನ ನಾಯಿ ಗುಂಡ್ಯಾನನ್ನು ಬೇರೆಯವರೇ ಅಡ್ಡಾಡಿಸಬೇಕಾಗಿದೆ. ಮೊದಲು ಬಂದ ನಂದೀಶ ಅದನ್ನು ಬಿಸಿಲಲ್ಲಿ ಚಹಾದಂಗಡಿಯ ಕಂಬಕ್ಕೆ ಕಟ್ಟಿ ಹರಟುತ್ತಿದ್ದ. ನಾಯಿ ಬದುಕಿದ್ದೇ ಹೆಚ್ಚು. ಈಗ ಪಕ್ಕದ ಓಣಿಯಲ್ಲಿ ಬಟ್ಟೆ ಹೊಲಿಯುವ ತಸ್ಲೀಮಳನ್ನು ಒಂದು ವಾರದ ಪರೀಕ್ಷೆಗೆ ಇಟ್ಟುಕೊಂಡಿದ್ದೇನೆ.

ಇಂದು ಮಳೆಗೆ, ನಾಯಿಯನ್ನು ಅಡ್ಡಾಡಿಸಲು ನಾನು ಹೇಳಿದ್ದ ಹೊಲದ ಎರೆಮಣ್ಣಿನ ದಾರಿಯೆಲ್ಲ ರಾಡಿಯಾಗಿತ್ತು. ತಸ್ಲೀಮ ಮರಳಿ ಕರೆತಂದ ಗುಂಡ್ಯಾನ ಪಾದಗಳು ಮಾತ್ರ ಸ್ವಚ್ಛವಾಗಿದ್ದವು.

"ನೀನು ಹೊಲದ ದಾರಿಗೆ ಹೋಗಿಯೇ ಇಲ್ಲ," ಎಂದೆ.

"ಹೋಗಿ ಬಂದೀನ್ರಿ ಅಕ್ಕೋರ. ನಿಮ್ಮ ಫರಸಿ ನೆಲ ಹೊಲಸಾದೀತಂತ ಅಂಜಿ ಅದರ ಕಾಲು, ನನ್ನ ಕಾಲು ಎಲ್ಲಾ ಬೋರಿನ ನೀರಾಗ ತೊಳದೀನಿ. ನನ್ನ ಉಗುರೂ ನೋಡ್ತೀರೇನು?"

ಅವಳು ಹೋದ ಮೇಲೆ ಗುಂಡ್ಯಾನ ಬೆರಳ ಸಂದಿಗೆ ಬಿಳಿ ಬಟ್ಟೆ ತೂರಿಸಿ ನೋಡಿದೆ. ಕಪ್ಪು ಮಣ್ಣು ಹತ್ತಿತು. ಅವಳು ಹೇಳಿದ್ದು ನಿಜವೇ ಆಗಿತ್ತು. ಆದರೂ ನಾನು ಪರೀಕ್ಷಿಸುತ್ತೇನೆಂದು ತಿಳಿದೇ ಅವಳು ಇಂದೊಂದು ದಿನ ಹೋಗಿರಬಹುದಲ್ಲವೇ?

ನೇಮಕದ ಪತ್ರವನ್ನಂತೂ ಬರೆದಿಟ್ಟಿದ್ದೇನೆ. ಜೊತೆಗೆ ಲಸಿಕೆಯ ಕಾರ್ಡು, ಪಶುವೈದ್ಯರ ಫೋನ್ ನಂಬರು, ದಿನವೂ ಸಹಿ ಮಾಡಲು ಹಾಜರಿ ಹಾಳೆ. ಮನೆಯ ಕೀಲಿಕೈಯನ್ನೂ ಲಕೋಟೆಗೆ ಹಾಕಿದ್ದೆ. ಈಗಷ್ಟೇ ಹೊರಗೆ ತೆಗೆದೆ.