ನಂಬರ್ ಕೆರೆದ ಐಸಿ

9-9-85, ಸೋಮವಾರ

ರಿಪೇರಿ ಅಂಗಡಿ ಬಾಗಿಲು ತೆಗೆಯುವ ಮೊದಲೇ ನಲ್ಲಪ್ಪ ಹಾಜರ್. ಸೈಕಲ್ ಕ್ಯಾರಿಯರ್ ಮೇಲೆ ಗಿಟಾರಿನ ಸದ್ದು ಏರಿಸುವ ಆಂಪ್ ಡಬ್ಬ, ಗೋಣಿಚೀಲ ಸುತ್ತಿ. ಸೌಂಡ್ ಸತ್ತಿದೆ. 22ಕ್ಕೆ ಬೊಮ್ಮನಹಳ್ಳಿ ಗಣೇಶನ ಪೆಂಡಾಲಿನಲ್ಲಿ ಆರ್ಕೆಸ್ಟ್ರಾ. ಇವನಿಗೆ ಮೊದಲನೇ ಚಾನ್ಸು.

"ಚೆನ್ನಾಗ್ ನುಡಿಸಿದ್ರೆ ಪರ್ಮನೆಂಟ್ ಅಂದವ್ರೆ ಕಣೋ ಸೊಣ್ಣಪ್ಪ. ಇಲ್ಲಾಂದ್ರೆ ನಮ್ಮಮ್ಮ ಗಾರ್ಮೆಂಟ್ಸ್‌ಗೆ ಸೇರ್ಸೇ ಸೇರ್ಸ್ತಾಳೆ."

ಒಂದನೇ ಕ್ಲಾಸಿನಿಂದ ಒಂದೇ ಬೆಂಚಿನವರು. ನಾನಿದ್ದೀನಿ ಬಿಡು ಮಗಾ ಅಂದೆ.

ಬಿಚ್ಚಿದೆ. ಐಸಿ ಚಿಪ್ ಹೋಗಿದೆ — ಎಂಟು ಕಾಲಿನದು. ಮೇಲಿನ ನಂಬರ್ ಬ್ಲೇಡಿನಿಂದ ಕೆರೆದಿದೆ. ಈ ಕೆರೆತ ಗೊತ್ತು. ದೊಡ್ಡನೆಕ್ಕುಂದಿ ಲಕ್ಷ್ಮಯ್ಯನವರ ಕೈ. ಯಾವ ಐಸಿ ಅಂತ ಬೇರೆ ಮೆಕ್ಯಾನಿಕ್‌ಗೆ ತಿಳಿಯಬಾರದು, ಗಿರಾಕಿ ತಿರುಗಿ ಅವರಲ್ಲಿಗೇ ಬರಬೇಕು. ಅವರ ಅಂಗಡಿಯಲ್ಲಿ ಕೂತು ಕೆಲಸದ ಜೊತೆ ಇದನ್ನೂ ಕಲಿತೆ.

11-9

ಲಕ್ಷ್ಮಯ್ಯನವರನ್ನು ಕೇಳಿದರೆ ಮುಗಿಯಿತು. ಕೇಳಲ್ಲ. ಜಗಳ ಆಡಿ ಸ್ವಂತ ಅಂಗಡಿ ಇಡುತ್ತೀನಿ ಅಂತ ಎದ್ದ ದಿನ, "ಇವತ್ತಲ್ಲ ನಾಳೆ ನನ್ ಅತ್ರ ಬತ್ತೀಯ ನೋಡು" ಅಂದಿದ್ದರು. ಬರಲ್ಲ ಅಂದಿದ್ದೆ.

ಮೀಟರ್ ಇಟ್ಟೆ. ನಾಲ್ಕನೇ ಕಾಲಿಗೆ ಮೈನಸ್, ಎಂಟಕ್ಕೆ ಪ್ಲಸ್. ಅಂದರೆ ಒಂದೇ ಐಸಿಯಲ್ಲಿ ಎರಡು ಆಪ್ ಆಂಪ್, ಸಣ್ಣ ಸದ್ದನ್ನು ದೊಡ್ಡದು ಮಾಡುವ ಸರ್ಕ್ಯೂಟ್. 741 ನಂಬರಿನ ಐಸಿ ಆಗಲ್ಲ, ಅದರಲ್ಲಿರೋದು ಒಂದು. ಬಿಡಿಭಾಗಕ್ಕೆ ಎಸ್.ಪಿ. ರೋಡಿಗೆ ಹೋಗಬೇಕು.

13-9

1458 ಸಿಕ್ಕಿತು. ಕಾಲಿಗೆ ಕಾಲು ಕೂರುತ್ತೆ. "ಎಲ್ಲಾರೂ ಇದೇ ಹಾಕ್ತಾರೆ ಸಾರ್" ಅಂದ ಅಂಗಡಿಯವನು. ಹಾಕಿದೆ. ಟೇಪ್ ರೆಕಾರ್ಡರ್ ಚುಚ್ಚಿ ಸಿನಿಮಾ ಹಾಡು ಬಿಟ್ಟೆ. ಸಕ್ಕತ್. ನನ್ನ ಟೆಸ್ಟ್ ಯಾವತ್ತೂ ಇಷ್ಟೇ — ಹಾಡು ಬಂದರೆ ಪಾಸ್. ಗುರುವಿನ ಹಂಗಿಲ್ಲದೆ ಮಾಡಿದೆನಲ್ಲ ಅಂತ ಬೀಗಿದೆ. ನಾನೂ ನಂಬರ್ ಕೆರೆದು ಮುಚ್ಚಿದೆ. ನಲ್ಲಪ್ಪ ತಬ್ಬಿಕೊಂಡ.

23-9

ಬರೆಯಲು ಮನಸ್ಸಿಲ್ಲ.

ನಿನ್ನೆ ಮುಂದಿನ ಸಾಲಿನಲ್ಲಿದ್ದೆ, ನಲ್ಲಪ್ಪನ ತಾಯಿ ಅಂಜಿನಮ್ಮನ ಪಕ್ಕ. ಟೇಪಿನಿಂದ ಆಂಪಿಗೆ ಸದ್ದು ಜೋರಾಗಿ ಬರುತ್ತೆ, ಗಿಟಾರಿನಿಂದ ಸಣ್ಣಗೆ. ಅದಕ್ಕೆ ಆಂಪಿನ ವಾಲ್ಯೂಮ್ ಪೂರ್ತಿ ತಿರುಗಿಸಬೇಕು. ತಿರುಗಿಸಿದ. ಸ್‌ಸ್‌ಸ್... ಒಗ್ಗರಣೆ ಹಾಕಿದ ಹಾಗೆ ಹಿಸ್ ಸದ್ದು, ನಿಲ್ಲದೇ. ಎದುರಿಗೆ ಮೈಕು ಬೇರೆ. ಜನ ನಕ್ಕರು. ಎರಡನೇ ಹಾಡಿಗೆ ಆರ್ಕೆಸ್ಟ್ರಾ ಯಜಮಾನರು ಬಂದು ಆಂಪಿನ ಪ್ಲಗ್ ಕಿತ್ತರು. ನಲ್ಲಪ್ಪ ಸದ್ದಿಲ್ಲದ ಗಿಟಾರನ್ನೇ ಹಾಡು ಮುಗಿಯುವ ತನಕ ನುಡಿಸಿದ. ತಲೆ ಎತ್ತಲಿಲ್ಲ.

ಇವತ್ತು ಆಂಪ್ ತಂದಿಟ್ಟು ಹೋದ. ಬೇರೆಯವನನ್ನು ತೆಗೆದುಕೊಂಡರಂತೆ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಒಂದು ಸಲ ಗಿಟಾರ್ ಚುಚ್ಚಿ ನೋಡಬಹುದಿತ್ತು... ನೋಡಲಿಲ್ಲ.

20-10

ಸೋತು ದೊಡ್ಡನೆಕ್ಕುಂದಿಗೆ ಹೋದೆ. ಲಕ್ಷ್ಮಯ್ಯನವರು ಟೀ ತರಿಸಿದರು.

"4558 ಕಣೋ. ನೀನ್ ಆಕಿರೋದ್ರಲ್ಲಿ ಇಸ್ ಅನ್ನತ್ತೆ. ಕೇಳಿದ್ರೆ ನಾನ್ ಏಳ್ಕೊಡ್ತಿರ್ಲಿಲ್ವಾ?"

ಡಬ್ಬಿಯಿಂದ ಒಂದು ತೆಗೆದು ಅಂಗೈಯಲ್ಲಿಟ್ಟರು. ಮತ್ತೆ ನಂಬರ್ ಕೆರೆದದ್ದು ಯಾಕೆ ಅಂದೆ.

"ಅದು ಬ್ಯಾರೆಯೋರ್ಗೆ."

ಬಸ್ಸಿನಲ್ಲಿ ಕಿಟಕಿ ಕಡೆ ಮುಖ ಮಾಡಿ ಕೂತೆ. ಸಿಟ್ಟು ಬಂತು, ಅವರ ಮೇಲಲ್ಲ, ನನ್ನ ಮೇಲೇ.

17-11

ಹೊಸ ಐಸಿ ಹಾಕಿ ಆಗಿದೆ. ವಾಲ್ಯೂಮ್ ಪೂರ್ತಿ ಇಟ್ಟರೂ ಹಿಸ್ ಅನ್ನೋ ಉಸಿರೇ ಇಲ್ಲ. ಹೇಳಿ ಕಳಿಸೋಣ ಅಂತಿದ್ದಾಗ ಅಂಜಿನಮ್ಮನೇ ಬಂದರು.

"ಈಗ್ ತಾನೇ ಗಾರ್ಮೆಂಟ್ಸ್‌ನಾಗೆ ನಿಂತವ್ನೆ. ಡಬ್ಬ ಕೈಗ್ ಸಿಕ್ರೆ ಮತ್ತೆ ಆಟಕ್ಕೆ ಓಯ್ತಾನೆ, ಮತ್ತೆ ನಗ್ತಾರೆ. ಇನ್ನೂ ಆಗಿಲ್ಲ ಅಂದ್ಬಿಡಪ್ಪ."

ನಗುವಂತೆ ಮಾಡಿದವನು ನಾನು. ಆಯ್ತಮ್ಮ ಅಂದೆ.

24-11, ಭಾನುವಾರ ಸಂಜೆ

ನಲ್ಲಪ್ಪ ಬಂದಿದ್ದ. ಶರ್ಟಿಗೆಲ್ಲ ದಾರದ ಚೂರು.

"ಐಸಿ ಸಿಕ್ತಾ ಗುರು?"

ಸಿಕ್ಕಿಲ್ಲ ಅಂದೆ.

ಬೆಂಚಿನ ಮೇಲಿದ್ದ ಆಂಪ್ ಕಡೆ ನೋಡುತ್ತ ಸ್ವಲ್ಪ ಹೊತ್ತು ನಿಂತ. ಏನೋ ಕೇಳಿಸಿಕೊಳ್ಳುವವನ ಹಾಗೆ. "ಓಗ್ಲಿ ಬಿಡು, ನೀನೂ ಉಡುಕ್ದೆಯಲ್ಲ" ಅಂದ. ಸೈಕಲ್ ಹತ್ತಿದ.

ಬಾಗಿಲು ಹಾಕುವಾಗ ಕಂಡಿತು. ಮಧ್ಯಾಹ್ನ ವಾಲ್ಯೂಮ್ ಪೂರ್ತಿ ಇಟ್ಟು ಟೆಸ್ಟ್ ಮಾಡಿದ್ದೆ, ಆಫ್ ಮಾಡಿಲ್ಲ. ಸದ್ದೇ ಇಲ್ಲದ್ದಕ್ಕೆ ಮರೆತೇಹೋಗಿದೆ. ಕೆಂಪು ದೀಪ ಉರಿಯುತ್ತಿದೆ, ಹಿಸ್ ಇಲ್ಲ. ಆ ಹಿಸ್ ಅವನಷ್ಟು ಯಾರಿಗೆ ಗೊತ್ತು. ಅವನು ನಿಂತಿದ್ದ ಜಾಗದಲ್ಲಿ ನಿಂತು ನೋಡಿದೆ. ದೀಪ ನೇರ ಕಣ್ಣಿಗೇ ಬೀಳುತ್ತೆ. ಅವನಿಗೆ ಗೊತ್ತಾಗಿದೆ...